ಎರಡಿಂಚು ತಗ್ಗಿಸಿದ ಗಾಡಿ

ಬೈಕ್ ಹತ್ತಲ್ಲ ಅಂದ್ರೆ ಎಂತ ಅರ್ಥ? ಸಾಗರದಿಂದ ಹೊಸನಗರ ದಾಟಿಸಿ ಇಲ್ಲೀವರೆಗೆ ಕೂರಿಸ್ಕೊಂಡು ಬಂದಿದ್ದೀನಿ. ನಡುವೆ ನೀನು ಭುಜ ತಟ್ಟಿದ್ಯಲ್ಲ, ನಿಲ್ಸಿದ್ನಾ ಇಲ್ವಾ? ಟೀ ಬೇಕು ಅಂತ ಈ ಹಾಲಮ್ಮನ ಅಂಗಡಿ ಕಡೆ ಬೆರಳು ಮಾಡಿದ್ಯಲ್ಲ, ಆಗ್ಲಿ ಮಾರಾಯ್ತಿ ಅಂದ್ನಾ ಇಲ್ವಾ? ಈಗ ಹತ್ತು ಅಂದ್ರೆ ನೆಲ ನೋಡ್ತಾ ನಿಂತ್ಕೊಳ್ತೀಯ.

ಹಂಗೆ ತಲೆ ಆಡಿಸ್ಬೇಡ ಕವನಾ. ಬಾಯಿ ಇದ್ಯಲ್ಲ.

ನಿನ್ನ ಕಾಲೇಜಲ್ಲಿ ಇದನ್ನೇ ಕಲಿಸ್ತಾರಾ, ಮಾತಾಡದೇ ಗೆಲ್ಲೋದು? ನಿನ್ನಜ್ಜ ಮುಕುಂದಯ್ಯನೋರದ್ದೂ ಇದೇ ವಿದ್ಯೆ. ಊರೆಲ್ಲ ಕೂಗಾಡಿ ಸುಸ್ತಾಗೋವರೆಗೆ ಎಲೆಯಡಿಕೆ ಅಗೀತಾ ಕೂತಿರ್ತಿದ್ರು. ಆಮೇಲೆ ಅವರು ಅಂದ್ಕೊಂಡಿದ್ದೇ ಆಗೋದು. ನನಗೆ ಆ ವಿದ್ಯೆ ಬರ್ಲಿಲ್ಲ. ಒಂದು ತಲೆಮಾರು ಹಾರಿ ನಿನಗೆ ಬಂತು, ನನ್ನ ಕರ್ಮ.

ಸರಿ, ನಿಂತ್ಕೊ. ನಾನಂತೂ ನಿಂತೇ ಇರ್ಬೇಕು, ಗಾಡಿ ಹಿಡ್ಕೊಂಡು, ಎಮ್ಮೆ ಹಿಡ್ಕೊಂಡು ನಿಂತ ಹಂಗೆ. ಸ್ಟ್ಯಾಂಡ್ ಹಾಕಿದ್ರೆ ಈ ದರಿದ್ರ ನೆಟ್ಟಗೆ ನಿಲ್ಲುತ್ತೆ, ಗಾಳಿ ಬಂದ್ರೆ ಆ ಕಡೆ ಮಗುಚುತ್ತೆ. ಗಾಡಿ ಎರಡಿಂಚು ಕೆಳಗೆ ಬಂತು, ಸ್ಟ್ಯಾಂಡ್ ಮಾತ್ರ ಹಳೇ ಉದ್ದಾನೇ. ಅದನ್ನೂ ಅಷ್ಟೇ ಕತ್ತರಿಸಿ ಬೆಸುಗೆ ಹಾಕ್ಬೇಕಿತ್ತು. ಆ ಹೇರಂಬ ಹೇಳಿದ್ನಲ್ಲ, ನೀನೂ ಅಲ್ಲೇ ಇದ್ಯಲ್ಲ ಗ್ಯಾರೇಜಲ್ಲಿ... "ಸ್ಟ್ಯಾಂಡ್ ಕೊಯ್ಯವು ಗೌಡ್ರೆ, ಇಲ್ಲೆ ಅಂದ್ರೆ ಗಾಡಿ ನಿಲ್ತಿಲ್ಲೆ." ಹೇಳ್ತಾನೆ. ಮೂಗಲ್ಲೇ ಹೇಳ್ತಾನೆ. ವೆಲ್ಡಿಂಗ್‌ನೋನು ಮದುವೆಗೆ ಹೋಗಿದ್ದಾನೆ, ನಾಳೆ ಬನ್ನಿ ಅಂತಾನೆ. ನಾಳೆ ಮತ್ತೆ ಮೇಳಿಗೆಯಿಂದ ಸಾಗರಕ್ಕೆ ಬಸ್ಸಲ್ಲಿ ಬರೋದಕ್ಕೆ ನನಗೇನು ಬೇರೆ ಕೆಲಸ ಇಲ್ವಾ? ತಗೊಂಡು ಬಂದೆ. ತಪ್ಪಾ?

ತಪ್ಪು ಅನ್ನೋ ಹಂಗೆ ನೋಡ್ತೀಯ.

ತಾ ಹಾಲಮ್ಮ, ಇಲ್ಲಿ ಟ್ಯಾಂಕ್ ಮೇಲೆ ಇಡು. ಇಲ್ಲ, ಕೈಗೇ ಕೊಡು, ಒಂದು ಕೈ ಖಾಲಿ ಇದೆ. ಮಗಳು ಕಣೆ, ಕವನಾ ಅಂತ. ಬೆಂಗಳೂರಲ್ಲಿ ಓದ್ತಾಳೆ. ಶಿವಮೊಗ್ಗದಲ್ಲಿ ಇಳಿಯೋಳು, ನಾನು ಇವತ್ತು ಗಾಡಿ ಬಿಡಿಸ್ಕೊಳ್ಳೋದಕ್ಕೆ ಸಾಗರಕ್ಕೆ ಬರ್ತೀನಿ, ನೀನೂ ಅಲ್ಲೇ ಇಳಿ, ಜೊತೆಗೆ ಬರೋಣ ಅಂದೆ. ಮಾತು? ಆಡ್ತಾಳೆ, ಆಡ್ತಾಳೆ. ಫೋನಲ್ಲಿ ಬೆರಳಲ್ಲಿ ಆಡ್ತಾಳೆ. ಎಂತ ಬಗ್ಗಿ ನೋಡ್ತೀಯ ಹಾಲಮ್ಮ ಗಾಡಿ ಅಡಿಗೆ? ಹೊಟ್ಟೆ ನೆಲಕ್ಕೆ ತಾಗೋ ಹಂಗೆ ಇದೆ ಅಂತಾನಾ? ಅದು ಹೊಸ ಸಸ್ಪೆನ್ಷನ್ನು. ಗಾಡಿ ಕೂತು ಎದ್ದು ಮಾಡುತ್ತಲ್ಲ, ಅದರ ಸ್ಪ್ರಿಂಗು, ಶಾಕು ಎಲ್ಲ ಬದಲಾಯಿಸಿದ್ದು. ಹೋಗು, ನಿನ್ನ ಹಾಲು ಉಕ್ಕುತ್ತೆ.

ಥೂ. ಇದೆಂತದು? ಸಕ್ಕರೆ ಹಾಕೇ ಇಲ್ಲ. ಒಳ್ಳೆ ಕಷಾಯ.

ನೀನು ಹೇಳಿದ್ದಾ? ಆಗ ಒಳಗೆ ಹೋಗಿ ಅವಳ ಕಿವೀಲಿ ಪಿಸಪಿಸ ಅಂದಿದ್ದು ಇದೇನಾ? ಅಂದ್ರೆ ನಿನ್ನಮ್ಮ ಫೋನ್ ಮಾಡಿ ಎಲ್ಲ ಊದಿದ್ದಾಳೆ. ಮನೇಲಿ ಸಕ್ಕರೆ ಡಬ್ಬಿ ಬಚ್ಚಿಡ್ತಾಳೆ, ಇಲ್ಲಿ ರಸ್ತೆ ಮೇಲೂ ನನ್ನ ಲೋಟಕ್ಕೆ ಕೈ ಹಾಕ್ತಾಳೆ. ಅಸಹ್ಯ ಆಗುತ್ತೆ ಕಣೆ ನನಗೆ. ನಿಜ ಹೇಳ್ತೀನಿ. ರಾಗಿ ಗಂಜಿ, ಹಾಗಲಕಾಯಿ, ಬೆಳಿಗ್ಗೆ ಎದ್ರೆ ಬೆರಳಿಗೆ ಸೂಜಿ. ಮನುಷ್ಯನ ಬಾಳಾ ಇದು? ನೆಂಟರ ಮನೇಲಿ ಹೋಳಿಗೆ ಬಡಿಸೋರು ನನ್ನೆಲೆ ಹತ್ರ ಬಂದ್ರೆ ಇವಳು ದೂರದಿಂದ ಕೆಮ್ಮೋದು. ಬಡಿಸೋನು ನನ್ನ ಹಾರಿ ಪಕ್ಕದೆಲೆಗೆ. ಊಟದ ಪಂಕ್ತೀಲಿ ಕೂತು ಎಂಜಲೆಲೆ ಥರ ಅನ್ಸುತ್ತೆ.

ಇರ್ಲಿ. ಕುಡೀತೀನಿ. ಬಿಸಿ ಇದೆ ಅಂತ ಕುಡೀತೀನಿ.

ಗಾಡಿ ಯಾಕೆ ತಗ್ಗಿಸಿದೆ ಅಂತ ಬೆಳಗ್ಗೆಯಿಂದ ಕಣ್ಣಲ್ಲೇ ಕೇಳ್ತಿದ್ದೀಯ. ಗೊತ್ತಾಗುತ್ತೆ ನನಗೆ. ಹ್ಯಾಂಡ್ಲಿಂಗ್‌ಗೆ. ಹ್ಯಾಂಡ್ಲಿಂಗ್ ಅಂದ್ರೆ... ನೋಡು, ಭಾರ ಎಲ್ಲ ಮೇಲಿದ್ರೆ ತಿರುವಲ್ಲಿ ಗಾಡಿ ತೂಗುತ್ತೆ, ತುಂಬಿದ ಕೊಡ ತಲೆ ಮೇಲೆ ಹೊತ್ತ ಹಂಗೆ. ಅದೇ ಕೊಡ ಸೊಂಟಕ್ಕೆ ಬಂದ್ರೆ? ಹಂಗೆ. ಹಿಂದಿನ ಶಾಕು ಗಿಡ್ಡದ್ದು ಹಾಕ್ಸಿದೆ, ಸ್ಪ್ರಿಂಗ್ ಗಟ್ಟಿದು. ಮುಂದಿನ ಫೋರ್ಕಿನ ಪೈಪು ಅಷ್ಟೇ ಮೇಲೆ ಸರಿಸಿ ಕಟ್ಟಿದ್ದಾನೆ, ಮುಂದೆ ಹಿಂದೆ ಸಮ ಇರ್ಲಿ ಅಂತ. ಸುಮ್ನೆ ಅಲ್ಲ ಇದೆಲ್ಲ. ಲೆಕ್ಕ ಇದೆ.

ಹೌದು. ಬೈತಿದ್ದೆ. ಗಾಡಿ ತಗ್ಗಿಸೋರನ್ನ ನಾನೇ ಬೈತಿದ್ದೆ, ಇಲ್ಲ ಅನ್ನಲ್ಲ. ಗಾಡಿ ಅಂದ್ರೆ ಎತ್ತರಕ್ಕಿರ್ಬೇಕು, ಕಲ್ಲು ಬರ್ಲಿ, ಬೇರು ಬರ್ಲಿ, ದಾಟಿ ಹೋಗ್ಬೇಕು, ತಗ್ಗಿಸೋನು ಗಂಡಸಲ್ಲ ಅಂತ ತೀರ್ಥಹಳ್ಳಿ ಪೆಟ್ರೋಲ್ ಬಂಕಲ್ಲಿ ನಿಂತು ಭಾಷಣ ಮಾಡಿದ್ದೂ ಉಂಟು. ಅದು ಆ ನಿಶಾಂತ್‌ಗೆ ಹೇಳಿದ್ದು. ನಮ್ಮ ಆಚೆಮನೆ ನಿಶಾಂತ್. ಅವನದ್ದೊಂದು ಶೋಕಿ, ಸ್ಟಾನ್ಸು ಸ್ಟಾನ್ಸು ಅಂತ, ಗಾಡಿ ನೆಲಕ್ಕೆ ಅಂಟಿದ ಹಂಗೆ ಕಾಣ್ಬೇಕಂತೆ. ಸ್ಪ್ರಿಂಗ್ ಬಿಚ್ಚಿ ಗ್ರೈಂಡರಲ್ಲಿ ಎರಡು ಸುತ್ತು ಕತ್ತರಿಸಿ ಎಸೆದ. ಗಾಡಿ ಹೆಂಗಾಯ್ತು ಅಂದ್ರೆ ಹೊಟ್ಟೆ ಎಳ್ಕೊಂಡು ಹೋಗೋ ಬಸುರಿ ಹಂದಿ. ಅದರ ಮೇಲೆ ಕೂತು ಫೋಟೋ. ಎರಡು ದಿನ ಬಿಟ್ಟು ರೋಡ್ ಹಂಪಿಗೆ ಹೊಡೆದು ಹಿಂದಿನ ಮಡ್‌ಗಾರ್ಡ್ ಟಯರಿಗೆ ಸಿಕ್ಕಿ ಚೂರು ಚೂರು. ನೋಡಿದ್ರೆ ವಾಕರಿಕೆ ಬರುತ್ತೆ. ನನ್ನದು ಅದಲ್ಲ.

ನಗ್ತೀಯಾ? ಇಲ್ಲ, ಬಾಯಿ ಒಂಚೂರು ವಾರೆ ಆಯ್ತು ನೋಡಿದೆ.

ಅವನದ್ದು ಶೋಕಿ, ನಂದು ಹ್ಯಾಂಡ್ಲಿಂಗು. ಆ ಹೇರಂಬನಿಗೂ ಇದನ್ನೇ ಹೇಳಿದೆ. ಕೇಳ್ಬೇಕಲ್ಲ. "ನಿಂಗ ಆರಡಿ ಆಳು ಗೌಡ್ರೆ, ತಗ್ಗಿಸದು ಎಂತಕ್ಕೆ?" ಅಂತ ನನ್ನನ್ನ ಮೇಲಿಂದ ಕೆಳಗೆ ನೋಡ್ತಾನೆ, ಸಂತೇಲಿ ದನ ನೋಡೋ ಹಂಗೆ. ಕಾಸು ಕೊಡೋನು ನಾನು, ಕಾರಣ ಅವನಿಗೆ ಬೇಕು. ಸಾಲ್ದು ಅಂತ, ಕೂತ್ಕೊಳ್ಳಿ, ನಿಮ್ಮ ಭಾರಕ್ಕೆ ಸ್ಪ್ರಿಂಗ್ ಎಷ್ಟು ಕೂರುತ್ತೆ ಅಳೀಬೇಕು ಅಂದ. ಕೂತೆ. ಎರಡೂ ಕಾಲು ಮೇಲಿಡಿ ಅಂದ. ಇಟ್ಟೆ. ಬಲಗಾಲಲ್ಲಿ ಬ್ರೇಕ್ ಒತ್ತಿ ಅಂದ. ಒತ್ತಿದೆ. ಒತ್ತಿಲ್ಲ ಅಂತಾನೆ. ಒತ್ತಿದೀನಿ ಮಾರಾಯ ಅಂದೆ. ಹಿಂದಿನ ಲೈಟು ಹತ್ತಿಲ್ಲ, ಇನ್ನೂ ಒತ್ತಿಲ್ಲ ಅಂತಾನೆ. ನಿನ್ನೆದುರೇ ಆಯ್ತಲ್ಲ. ಸ್ವಿಚ್ ಕೆಟ್ಟಿದೆ ಅಂತ ಗೊತ್ತಾಗಲ್ವಾ ಅವನಿಗೆ? ಬಗ್ಗಿ ಕೈಯಲ್ಲಿ ಒತ್ತಿದ, ಲೈಟು ಹತ್ತಿತು. ಕೈಯಲ್ಲಿ ಒತ್ತಿದ್ರೆ ಹತ್ತುತ್ತೆ, ಕಾಲಲ್ಲಿ ಒತ್ತಿದ್ರೆ ಹತ್ತಲ್ಲ. ಅಂಥಾ ಸ್ವಿಚ್ಚು. ಲೂಸ್ ಕಾಂಟ್ಯಾಕ್ಟು.

ಎಂತ?

ಏನಿಲ್ಲ ಅಂದ್ರೆ ಹಂಗ್ಯಾಕೆ ಉಸಿರು ಬಿಟ್ಟೆ?

ಆಯ್ತು, ಗೇಟಿನ ವಿಷಯ. ಅದೇ ಅಲ್ವಾ ನಿನ್ನ ಹೊಟ್ಟೇಲಿರೋದು? ಸಾಗರದ ರೈಲ್ವೆ ಗೇಟಲ್ಲಿ ಬಿದ್ದಿದ್ದು. ಬಿದ್ದಿದ್ದು ಅನ್ನೋದೂ ತಪ್ಪು. ನಿಂತ ಗಾಡಿ ವಾಲಿತು, ಅಷ್ಟೇ. ತಾಳಗುಪ್ಪದ ರೈಲಿಗೆ ಗೇಟ್ ಹಾಕಿದ್ದ. ಮುಂದೆ ಆಟೋ, ಹಿಂದೆ ಬಸ್ಸು, ನಡುವೆ ಏರು. ನಿಲ್ಸಿದೆ. ಬಲಗಾಲು ಕೊಟ್ಟೆ. ನೆಲ ಸಿಗ್ಲಿಲ್ಲ.

ಅಂದ್ರೆ... ಇತ್ತು ನೆಲ. ಎಲ್ಲಿಗೆ ಹೋಗುತ್ತೆ? ಜಲ್ಲಿ ಇತ್ತು, ಜಾರಿತು. ಆ ಇಲಾಖೆಯೋರು ಹಳಿ ಪಕ್ಕ ಜಲ್ಲಿ ಸುರಿದು ಹೋಗ್ತಾರೆ, ಗುಡಿಸೋ ಯೋಗ್ಯತೆ ಇಲ್ಲ. ನಿನಗೇನೂ ಆಗ್ಲಿಲ್ಲ ತಾನೆ? ಮೊಣಕೈ ತರಚಿದ್ದಾ? ತೋರ್ಸು. ಅದಕ್ಕೆಲ್ಲ ಏನೂ ಆಗಲ್ಲ, ಅರಿಶಿನ ಹಚ್ಚಿದ್ರೆ ಹೋಗುತ್ತೆ.

ನನಗೆ ಉರಿದಿದ್ದು ಆ ಜನ. ಒಬ್ಬ ಕೈ ಹಿಡಿದು ಎತ್ತೋ ಮೊದ್ಲು ಮೊಬೈಲ್ ಎತ್ತಿದ್ದ. ನೋಡಿದ್ಯಾ? ಬಸ್ಸಿನ ಕಿಟಕೀಲಿ ತಲೆಗಳು, ಕೋಳಿ ಬುಟ್ಟೀಲಿ ಕೋಳಿ ತಲೆ ಹಾಕಿದ ಹಂಗೆ. ಆ ಆಟೋದೋನು ನನ್ನ ಕಂಕುಳಿಗೆ ಕೈ ಹಾಕಿ, "ಏಳಿ ಯಜಮಾನ್ರೆ, ಈ ವಯಸ್ಸಲ್ಲಿ ಯಾಕೆ ಬೇಕು ದೊಡ್ಡ ಗಾಡಿ" ಅಂದ. ಯಜಮಾನ. ಯಾವ ವಯಸ್ಸು? ಅವನ ಬಾಯಲ್ಲಿ ಗುಟ್ಕಾ ವಾಸನೆ, ನನ್ನ ಮುಖಕ್ಕೆ ಹತ್ರ ಬಂದು ಹೇಳ್ತಾನೆ. ಈ ಗಾಡಿ ಮೇಲೆ ನಾನು ಕೆಸರಿನ ರೇಸಲ್ಲಿ ಗೆದ್ದಿದ್ದು ಅವನಿಗೆ ಗೊತ್ತಾ? ಇದಲ್ಲ, ಇದಕ್ಕಿಂತ ಮುಂಚಿನ ಗಾಡಿ. ಏನೋ ಒಂದು. ಗೆದ್ದಿದ್ದು ನಾನೇ ತಾನೆ?

ಅಲ್ಲ, ಎರಡಿಂಚು ತಗ್ಗಿಸಿದ ಮೇಲೂ...

ಏನಿಲ್ಲ ಬಿಡು.

ಆ ಹೇರಂಬ ಸರಿಯಾಗಿ ತಗ್ಗಿಸಿಲ್ಲ ಅಂತ ನನ್ನ ಅನುಮಾನ. ಹೇಳಿದ್ದು ಒಂದು, ಮಾಡಿದ್ದು ಒಂದು. ಈ ಸಾಗರದೋರೇ ಹಂಗೆ. ಎಲ್ಲದಕ್ಕೂ "ಅಡ್ಡಿಲ್ಲೆ, ಅಡ್ಡಿಲ್ಲೆ". ಬೀಳೋನಿಗೆ ಗೊತ್ತು ಅಡ್ಡಿ ಇದೆಯೋ ಇಲ್ವೋ.

ನೀನು ಕೂರೋದೂ ಸರಿ ಇಲ್ಲ ಕಣೆ. ಸಣ್ಣೋಳಿದ್ದಾಗ ಹೆಂಗೆ ಕೂರ್ತಿದ್ದೆ? ಟ್ಯಾಂಕ್ ಮೇಲೆ, ಕನ್ನಡಿ ಹಿಡ್ಕೊಂಡು, ಅಪ್ಪ ಜೋರು ಅಪ್ಪ ಜೋರು ಅಂತ. ಆಗ ಮಾತಾಡ್ತಿದ್ದೆ ನೀನು. ತೀರ್ಥಹಳ್ಳಿ ಸೇತುವೆ ಬಂದ್ರೆ ಕಣ್ಣು ಮುಚ್ಕೊಂಡು ಎರಡೂ ಕೈ ಬಿಡ್ತಿದ್ದೆ, ನಾನು ಹಿಡ್ಕೊಳ್ತೀನಿ ಅಂತ ಗೊತ್ತಿತ್ತು. ಈಗ ಹಿಂದೆ ಕೂತು ನನ್ನ ಹಿಡ್ಕೊಳ್ಳೋದು ಬಿಟ್ಟು ಹಿಂದಿನ ಕಂಬಿ ಹಿಡ್ಕೊಳ್ತೀಯ, ಯಾವಾಗ ಬೇಕಾದ್ರೂ ಹಾರೋಳ ಥರ. ತಿರುವಲ್ಲಿ ನಾನು ಈ ಕಡೆ ವಾಲಿದ್ರೆ ನೀನು ಆ ಕಡೆ. ಗಾಡಿ ಯಾರ ಮಾತು ಕೇಳ್ಬೇಕು? ಬಟ್ಟೆಮಲ್ಲಪ್ಪದ ಹತ್ರ ಹಂಪ್ ಬಂದಾಗ ನನ್ನ ಸೊಂಟ ಚಿವುಟಿದೆ. ನಾನು ಕಂಡಿದ್ದೆ ಹಂಪು. ಬ್ರೇಕ್ ಹಾಕಿದ್ದೆ.

ಹಾಕಿದ್ದೆ ಕಣೆ.

ಮುಂದಿನ ಬ್ರೇಕು. ಕೈಯಿಂದು. ಹಿಂದಿಂದು ಯಾಕೆ ಬೇಕು? ಗೊತ್ತಿರೋರು ಯಾರೂ ಕಾಲಿನ ಬ್ರೇಕ್ ಜಾಸ್ತಿ ಬಳಸಲ್ಲ. ಹೊಟ್ಟೆ ಕೆರೀತು, ಹೌದು, ಕೆಳಗಿನ ತಗಡು ಹಂಪಿಗೆ ಕರ್ ಅಂತು. ಹೊಸದಲ್ವಾ, ಸ್ಪ್ರಿಂಗ್ ಇನ್ನೂ ಕೂರ್ಬೇಕು. ಇಬ್ಬರ ಭಾರ ಬೇರೆ. ನಿನ್ನ ಭಾರ ಲೆಕ್ಕಕ್ಕೆ ಹಿಡಿದಿಲ್ಲ ಅವನು. ನಾನು ಹೇಳಿದ್ದೆ, ಹಿಂದೆ ಯಾರೂ ಕೂರಲ್ಲ ಅಂತ... ಅಂದ್ರೆ, ನಿನ್ನಮ್ಮ ಈಗ ಕೂರಲ್ವಲ್ಲ. ಸೊಂಟ ನೋವು ಅಂತ ಬಸ್ಸಿಗೆ ಹೋಗ್ತಾಳೆ. ಬಾರೆ, ಬಿಡ್ತೀನಿ ಅಂದ್ರೂ ಇಲ್ಲ. ಮೊನ್ನೆ ಮದುವೆ ಮನೇಲಿ ಯಾರೋ ಕೇಳಿದ್ರು, ಏನ್ ಪೂರ್ಣೇಶಣ್ಣ, ಹೆಂಡ್ತಿ ಬಸ್ಸಲ್ಲಿ, ನೀವು ಗಾಡೀಲಿ, ಜಗಳವಾ ಅಂತ. ಎಲ್ಲರೂ ನಕ್ರು. ನಾನೂ ನಕ್ಕೆ. ಏನು ಮಾಡೋದು.

ಅದಕ್ಕೇ ಹೇಳ್ತಿದೀನಿ. ನೀನು ಹತ್ತು.

ಅರ್ಥ ಮಾಡ್ಕೊ. ಮೇಳಿಗೆ ಸರ್ಕಲ್ಲಲ್ಲಿ ನೀನು ನನ್ನ ಹಿಂದೆ ಕೂತು ಇಳೀಬೇಕು. ನಾಲ್ಕು ಜನ ನೋಡ್ಬೇಕು. ಬೇಸಿಗೆ ಶುರುವಾಯ್ತು, ತೋಟದ ಪಂಪ್‌ಸೆಟ್‌ಗಳೆಲ್ಲ ಒಂದೊಂದೇ ಕೈಕೊಡ್ತಾವೆ, ಬೆಳಗಾದ್ರೆ ಫೋನು. ಪೂರ್ಣೇಶಣ್ಣ ಮೋಟ್ರು ಸುಟ್ಟಿದೆ, ಪೂರ್ಣೇಶಣ್ಣ ನೀರು ಎತ್ತಲ್ಲ. ಆ ತೋಟಗಳಿಗೆ ಜೀಪು ಹೋಗಲ್ಲ, ಆಟೋ ಹೋಗಲ್ಲ, ಬೈಕೇ ಹೋಗ್ಬೇಕು. ಈಗೀಗ ಒಬ್ಬಿಬ್ಬರು ಕೇಳ್ತಾರೆ, ನೀವೇ ಬರ್ತೀರಾ, ಯಾರನ್ನಾದ್ರೂ ಕಳಿಸ್ತೀರಾ ಅಂತ. ಒಂಥರಾ ದನಿ ಅದು. ಗುಡ್ಡೆಕೇರೀಲಿ ಒಂದ್ಸಲ ಗಾಡಿ ವಾಲಿದ್ದಕ್ಕೆ... ವಾಲಿದ್ದಕ್ಕೆ ಅಷ್ಟು. ಗಾಡಿ ಮೇಲೆ ಹೋಗದ ಪೂರ್ಣೇಶನನ್ನ ಯಾರು ಕರೀತಾರೆ? ಸ್ವಂತ ಮಗಳೇ ಅರ್ಧ ದಾರೀಲಿ ಇಳಿದು ಬಸ್ಸಿಗೆ ಬಂದ್ಲು ಅಂದ್ರೆ ಮುಗೀತಲ್ಲ. ನಾನು ಮನೇಲಿ ಕೂತು ಹಾಗಲಕಾಯಿ ತಿಂತೀನಿ.

ಹಂಗೆ ನೋಡ್ಬೇಡ. ಕನಿಕರದ ಮುಖ ಮಾಡ್ಬೇಡ, ನನಗೆ ಆಗಲ್ಲ. ಆ ಶಿವಮೊಗ್ಗದ ಡಾಕ್ಟರೂ ಇದೇ ಮುಖ ಮಾಡಿದ್ದ. ಪ್ಲಾಸ್ಟಿಕ್ ದಾರ ಹಿಡ್ಕೊಂಡು ಅಂಗಾಲಿಗೆ ಚುಚ್ಚೋದು, ಗೊತ್ತಾಗುತ್ತಾ ಪೂರ್ಣೇಶ್, ಇಲ್ಲಿ ಗೊತ್ತಾಗುತ್ತಾ ಅಂತ. ಮಕ್ಕಳಾಟ. ಕಣ್ಣು ಮುಚ್ಚಿ ಅಂತಾನೆ ಬೇರೆ.

ಯಾವ ಡಾಕ್ಟರಾ? ಅದು... ಸಕ್ಕರೆ ಡಾಕ್ಟರು. ಎಲ್ಲರಿಗೂ ಮಾಡ್ತಾರೆ ಅದನ್ನ. ರೂಢಿ. ಬಿಡು, ಅದು ಬೇರೆ ವಿಷಯ.

ಟೀ ಮುಗೀತು. ಲೋಟ ತಗೊ, ಕೊಟ್ಟು ಬಾ. ಹೋಗ್ತೀಯಾ ಇಲ್ವಾ? ಇಲ್ಲ. ಸರಿ, ಟ್ಯಾಂಕ್ ಮೇಲೇ ಇರ್ಲಿ.

ಇರು. ಇದೆಂತದು? ಇಲ್ಲಿ, ಬ್ರೇಕ್ ಪೆಡಲ್ ಹತ್ರ. ಒದ್ದೆ ಆಗಿದೆ. ನೋಡು, ಕೆಳಗೂ ತೊಟ್ಟಿಕ್ಕಿದೆ ಮಣ್ಣಿಗೆ. ಫುಟ್‌ರೆಸ್ಟ್ ಮೇಲೂ.

ಹೇಳ್ಲಿಲ್ವಾ ನಾನು. ಹೇಳ್ಲಿಲ್ವಾ. ಆಯಿಲ್ ಸೋರ್ತಿದೆ. ಹೊಸ ಶಾಕಿನ ಸೀಲೇ ಸರಿ ಇಲ್ಲ. ಬೆಳಿಗ್ಗೆ ಹಾಕಿದ ಮಾಲು ಮಧ್ಯಾಹ್ನಕ್ಕೆ ಸೋರುತ್ತೆ ಅಂದ್ರೆ ಇವನನ್ನ ಎಂತ ಮಾಡ್ಬೇಕು? ಅಡ್ಡಿಲ್ಲೆ ಅಂತೆ. ಥೂ ಇವನ ಕೆಲಸಕ್ಕಿಷ್ಟು. ಅದಕ್ಕೇ ಗಾಡಿ ಕೂರ್ತಾ ಇದ್ದಿದ್ದು, ಅದಕ್ಕೇ ಗೇಟಲ್ಲಿ ವಾಲಿದ್ದು. ಈಗ ಗೊತ್ತಾಯ್ತಾ ಯಾರ ತಪ್ಪು ಅಂತ? ಫೋನ್ ಮಾಡು ಅವನಿಗೆ, ನನ್ನ ಜೇಬಲ್ಲಿದೆ, ತಗೊ. ತಗೊ ಅಂದೆ. ಫೋಟೋ ಹೊಡಿ ಮೊದ್ಲು, ಆಮೇಲೆ ಇಲ್ಲ ಅಂತಾನೆ. ಸಸ್ಪೆನ್ಷನ್ ಆಯಿಲ್ ಕೆಂಪಗೇ ಇರೋದು, ಇದೂ ಕೆಂಪಗೇ ಇದೆ. ಸಾಕ್ಷಿ ಬೇಕಾ ಇನ್ನು?

ಯಾಕೆ, ಫೋಟೋ ಹೊಡಿಯಲ್ವಾ?

ನಾನು ಗಾಡಿ ತೋರಿಸ್ತಿದೀನಿ ಮಾರಾಯ್ತಿ. ನೀನು ನನ್ನ ಕಾಲು ನೋಡ್ತಿದ್ದೀಯ.

ತಡಿ, ಬೆರಳಲ್ಲಿ ತೆಗೆದು ತೋರಿಸ್ತೀನಿ. ಆಯಿಲ್ ಜಿಡ್ಡು ಇರುತ್ತೆ. ಇದು... ಅಂಟ್ತಾ ಇದೆ. ಒಣಗಿದೆ ಒಂದು ಕಡೆ. ವಾಸನೆ ಇಲ್ಲ ಆಯಿಲ್ ಥರ.

ಇದು ಆಯಿಲ್...

ಬ್ಯಾಗಿಂದ ಎಂತ ತೆಗೀತಿದ್ದೀಯ?

ಚಪ್ಪಲಿ.

ಬಲಗಾಲಿಂದು. ಇದು ನನ್ನದೇ ಥರ ಇದೆ. ನನ್ನದು ನನ್ನ ಕಾಲಲ್ಲಿ...

...

ಬೇಕಂತಲೇ ಬಿಟ್ಟಿದ್ದು. ಗ್ರಿಪ್‌ಗೆ. ಬರಿಗಾಲಲ್ಲಿ ಬ್ರೇಕ್ ಚೆನ್ನಾಗಿ ಸಿಗುತ್ತೆ, ಅದಕ್ಕೇ ನಾನೇ... ಹಿಂದೆಲ್ಲ ನಾವು ಬರಿಗಾಲಲ್ಲೇ ಓಡಿಸ್ತಿದ್ದಿದ್ದು. ನಾನೇ ತೆಗೆದು ನಿನ್ನ ಕೈಗೆ ಕೊಟ್ಟೆ, ಮರ್ತಿದ್ದೀಯ ನೀನು. ಗ್ಯಾರೇಜಲ್ಲಿ ಕೊಟ್ಟೆ. ಅಲ್ವಾ? ಹೂಂ ಅನ್ನು. ಒಂದು ಸಲ ಹೂಂ ಅನ್ನು ಸಾಕು.

ಅನ್ನಲ್ಲ.

ಎಲ್ಲಿ ಬಿದ್ದಿತ್ತು? ಗೇಟಲ್ಲಾ?

ಅಲ್ಲಿಂದ ಇಲ್ಲೀವರೆಗೆ. ಹೊಸನಗರದಲ್ಲಿ ಪೆಟ್ರೋಲ್ ಹಾಕ್ಸೋದಕ್ಕೆ ಇಳಿದಿದ್ದೆ, ಬಿಸಿಲಲ್ಲಿ ಓಡಾಡಿದ್ದೆ ಡಾಂಬರ್ ಮೇಲೆ. ಆಗಲೂ ನಿನ್ನ ಬ್ಯಾಗಲ್ಲೇ ಇತ್ತಾ? ನಾನು ಕೇಳ್ತೀನಿ ಅಂತ ಕಾದ್ಯಾ? ಕವನಾ, ನಾನು ಕೇಳ್ತೀನಿ ಅಂತ ಅಷ್ಟು ದೂರ ಕಾದ್ಯಾ ನೀನು?

ಆ ಫುಟ್‌ರೆಸ್ಟಿನ ರಬ್ಬರ್ ನಾನೇ ಕಿತ್ತಿದ್ದು. ಹೋದ ತಿಂಗಳು. ರಬ್ಬರ್ ಇದ್ರೆ ಕಾಲು ಎಲ್ಲಿದೆ ಅಂತ ಗೊತ್ತಾಗಲ್ಲ, ಬರೀ ಕಬ್ಬಿಣದ ಹಲ್ಲು ಇದ್ರೆ ಗೊತ್ತಾಗ್ಬಹುದು ಅಂತ. ಆ ಹಲ್ಲು ಕಚ್ಚಿದೆ ಅಂಗಾಲಿಗೆ. ದಾರಿ ಉದ್ದಕ್ಕೂ ಕಚ್ಚಿದೆ.

ನೋವಾಗ್ತಿದೆ ಅಂತ ಹೇಳ್ಲಾ? ಹೇಳಿದ್ರೆ ನಂಬ್ತೀಯಾ?

ಆ ಡಾಕ್ಟರ್ ಕಣ್ಣು ಮುಚ್ಚಿಸಿ ಕೇಳ್ತಾ ಹೋದ, ನಾನು ಹೂಂ ಅಂತಾ ಹೋದೆ. ಗೊತ್ತಾಗುತ್ತಾ, ಹೂಂ. ಇಲ್ಲಿ, ಹೂಂ. ಕೊನೆಗೆ ಹೇಳಿದ, ಪೂರ್ಣೇಶ್, ನಾನಿನ್ನೂ ಮುಟ್ಟೇ ಇಲ್ಲ ಅಂತ. ನರ್ಸಮ್ಮ ಆ ಕಡೆ ತಿರುಗಿ ನಿಂತ್ಲು. ನಿನ್ನಮ್ಮ ಹೊರಗೆ ಬೆಂಚಲ್ಲಿದ್ಲು, ಎಲ್ಲ ಚೆನ್ನಾಗಿದೆಯಂತೆ ಅಂದೆ. ಗಾಡಿ ತಗ್ಗಿಸಿದ್ರೆ ನೆಲ ಹತ್ರ ಬರುತ್ತೆ, ಹತ್ರ ಬಂದ್ರೆ ಸಿಗುತ್ತೆ ಅಂದ್ಕೊಂಡೆ. ಅಷ್ಟೇ ನನ್ನ ಹ್ಯಾಂಡ್ಲಿಂಗು.

ನೀನು ಆ ಕಡೆ ನೋಡು. ಚಪ್ಪಲಿ ಹಾಕ್ಕೊಳ್ತೀನಿ. ನೋಡ್ದೇ ಹಾಕ್ಕೊಳ್ಳೋದಕ್ಕೆ ಬರಲ್ಲ ನನಗೆ, ಬಗ್ಗಿ ಬೆರಳು ಕಣ್ಣಲ್ಲಿ ನೋಡ್ತಾ ತೂರಿಸ್ಬೇಕು, ಅದನ್ನ ನೀನು ನೋಡೋದು ಬೇಡ. ಬೇಡ ಅಂದೆ, ಕೂತ್ಕೋಬೇಡ ಕೆಳಗೆ. ಬಿಡು. ಅದು ಕೊಳಕು ಕಾಲು, ರಕ್ತ ಮಣ್ಣು ಎಲ್ಲ ಆಗಿದೆ, ನನಗೇ ಅಸಹ್ಯ. ನಿನ್ನ ದುಪಟ್ಟಾ ಯಾಕೆ ಹಾಳು ಮಾಡ್ಕೊಳ್ತೀಯ. ಕಟ್ಟಿದ್ದು ಬಿಗಿ ಆಯ್ತಾ ಅಂತ ನನ್ನ ಕೇಳಿ ಪ್ರಯೋಜನ ಇಲ್ಲ. ನಿನಗೆ ಸರಿ ಕಂಡಂಗೆ ಕಟ್ಟು.

ತೀರ್ಥಹಳ್ಳಿ ಬಸ್ ಇರ್ಬೇಕು ಅದು, ತಿರುವಲ್ಲಿ ಹಾರ್ನ್ ಆಯ್ತಲ್ಲ. ಗಾಡಿ ಗೋಡೆಗೆ ಒರಗಿಸ್ತೀನಿ. ಹಾಲಮ್ಮ, ಇವತ್ತೊಂದು ದಿನ ನೋಡ್ಕೊ. ನಾಳೆ ಯಾರನ್ನಾದ್ರೂ... ಯಾರನ್ನಾದ್ರೂ ಕಳಿಸ್ತೀನಿ.

ಕೈ ಮಾಡು. ಇನ್ನೂ ಮುಂದೆ ಬಂದು ಮಾಡು, ಇಲ್ಲಾಂದ್ರೆ ನಿಲ್ಸಲ್ಲ.

ನೀನು ಮೊದ್ಲು ಹತ್ಬೇಡ. ಬಸ್ಸಿನ ಮೆಟ್ಲು ಎತ್ತರ. ನನ್ನ ಪಕ್ಕ ನಿಂತ್ಕೊಂಡು, ಕಾಲು ಮೆಟ್ಲ ಮೇಲೆ ಪೂರ್ತಿ ಕೂತಿದೆಯಾ ಅಂತ ನೋಡಿ ಹೇಳು. ತಲೆ ಆಡಿಸ್ಬೇಡ, ಬಾಯಿ ಬಿಟ್ಟು ಹೇಳು. ನೀನು ಹೇಳಿದ್ರೇನೇ ಕಣೆ ನನಗೆ ಗೊತ್ತಾಗೋದು.